ಒಂದು ಗೇಣು ಸರಿದ ಬುಟ್ಟಿ

ನನ್ನ ಸಡ್ಡಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಸಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಒಂದೇ ಮನೆಗೆ ಇಬ್ಬರು ಅಳಿಯಂದಿರಾದ ಮೇಲೆ, ಅತ್ತೆಯವರು ಯಾರ ಹೋಳಿಗೆಯ ಮೇಲೆ ಎಷ್ಟು ತುಪ್ಪ ಸುರಿದರು ಎಂಬುದರಿಂದ ಹಿಡಿದು ಎಲ್ಲವನ್ನೂ ಕಣ್ಣಲ್ಲೇ ಅಳೆಯುವ ಚಟ ಅಂಟಿಕೊಳ್ಳುತ್ತದೆ. ನಾನು ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ. ಅವನದು ನಿಪ್ಪಾಣಿಯಲ್ಲಿ ತಂಬಾಕು ಕೊಂಡು ಕೂಡಿಟ್ಟು ಮಾರುವ ವಖಾರಿ. ನಾನು ಹಿರಿಯ ಅಳಿಯ, ಅವನು ಕಿರಿಯ. ನಾನು ಇವತ್ತಿಗೂ ಬೆಳಗ್ಗೆ ಎದ್ದು ಐದು ಕಿಲೋಮೀಟರ್ ಓಡುತ್ತೇನೆ. ಅವನು ನಾಲ್ಕು ಮೆಟ್ಟಿಲು ಹತ್ತಿದರೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಅಂಥವನು ನನ್ನ ಆಟದಲ್ಲೇ ನನ್ನನ್ನು ಹಿಂದೆ ಹಾಕಿದ.

ಆಟ ತಂದವನು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಬೇರೆ ಯಾರೂ ಹೇಳುವುದಿಲ್ಲ. ಮಾಸ್ತರರ ತರಬೇತಿ ಶಿಬಿರವೊಂದರಲ್ಲಿ ಡಿಸ್ಕ್ ಗಾಲ್ಫ್ ಕಲಿತು ಬಂದೆ. ಚೆಂಡಿನ ಬದಲು ನಾಷ್ಟಾದ ತಾಟಿನಷ್ಟು ಅಗಲದ ಪ್ಲಾಸ್ಟಿಕ್ ಡಿಸ್ಕು. ನೆಲದ ಕುಳಿಯ ಬದಲು ಕಂಬದ ಸುತ್ತ ಜೋತುಬಿಟ್ಟ ಸರಪಳಿಗಳು, ಅವುಗಳ ಕೆಳಗೊಂದು ಬುಟ್ಟಿ. ನೆಟ್ಟ ಕಲ್ಲಿನ ಬಳಿ ನಿಂತು ಎಸೆಯಬೇಕು, ಬಿದ್ದಲ್ಲಿಗೆ ಹೋಗಿ ಅಲ್ಲಿಂದ ಮತ್ತೆ ಎಸೆಯಬೇಕು. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವನು ಗೆದ್ದ ಹಾಗೆ. ಕಲ್ಲಿನಿಂದ ಬುಟ್ಟಿಯ ತನಕದ ಆ ಹಾದಿಗೆ ಹೋಲ್ ಎನ್ನುತ್ತಾರೆ. ನಮ್ಮ ಮಾವನವರಿಗೆ ಇದನ್ನು ವಿವರಿಸಿದಾಗ, "ತಾಟ ಒಗಿಯೂ ಆಟ ಅನ್ರಿ ಮಾಸ್ತರ್ರ, ಸರಳ ಆಕ್ಕೈತಿ" ಅಂದರು. ಆಮೇಲೆ ಇಡೀ ಶಿರಗುಪ್ಪಿಯಲ್ಲಿ ಅದೇ ಹೆಸರು ನಿಂತಿತು.

ಶಿರಗುಪ್ಪಿ ಮಾವನವರ ಊರು. ಕಬ್ಬಿಗೆ ವರ್ಷಗಟ್ಟಲೆ ನೀರು ಹಾಯಿಸಿ ಹಾಯಿಸಿ ಅವರ ಹೊಲದ ಒಂದು ಮೂಲೆ, ಹತ್ತಿರ ಹತ್ತಿರ ಆರು ಎಕರೆ, ಸವುಳಾಗಿ ಹೋಗಿತ್ತು. ಚಳಿಗಾಲ ಮುಗಿಯುತ್ತಲೇ ನೆಲದ ಮೇಲೆ ಉಪ್ಪು ಬೆಳ್ಳಗೆ ಏಳುತ್ತದೆ. ಅಲ್ಲಿ ಜಾಲಿ ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ. ಒಂದು ದೊಡ್ಡ ಬೇವಿನ ಮರ ಮಾತ್ರ ಹೇಗೋ ಉಳಿದುಕೊಂಡಿತ್ತು. ಜೌಗು ನೀರು ಹೋಗಲೆಂದು ತೋಡಿಸಿದ ಬಸಿಗಾಲುವೆಯೊಂದು ನಡುವೆ ಹರಿಯುತ್ತದೆ. ಮಾವ ಆ ಮೂಲೆಯನ್ನು ಆಟಕ್ಕೆ ಬಿಟ್ಟುಕೊಟ್ಟರು. ಚಿಕ್ಕೋಡಿಯ ವೆಲ್ಡರ್‌ನ ತಲೆ ತಿಂದು ನಾನು ಒಂಬತ್ತು ಬುಟ್ಟಿ ಮಾಡಿಸಿದೆ. ಮೇಲೆ ಮೋಟರ್‌ಸೈಕಲ್ಲಿನ ಹಳೇ ರಿಮ್ಮು, ಅದಕ್ಕೆ ಎಮ್ಮೆ ಕಟ್ಟುವ ಸರಪಳಿ, ಕೆಳಗೆ ಕಬ್ಬಿಣದ ಬುಟ್ಟಿ, ಬುಡಕ್ಕೆ ಕಾಂಕ್ರೀಟ್ ತುಂಬಿದ ಟ್ರ್ಯಾಕ್ಟರಿನ ಮುಂದಿನ ಟೈರು.

ಒಂಬತ್ತೂ ಹೋಲ್ ನಾನೇ ಹಾಕುವವನಿದ್ದೆ. ಆದರೆ ಮಾವ, "ಒಂದರೆ ಸಣ್ಣ ಅಳಿಯಾರಿಗೆ ಬಿಡ್ರಿ, ಅವರೂ ಮನಿ ಮಂದಿನ ಅಲಾ" ಅಂದರು. ಬಿಟ್ಟೆ. ಎಲ್ಲಕ್ಕಿಂತ ಕೆಟ್ಟ ಜಾಗ ನೋಡಿ ಬಿಟ್ಟೆ. ಬೇವಿನ ಮರ ಸರಿಯಾಗಿ ನಡುವೆ ಅಡ್ಡ ಬರುವ, ಬಲಕ್ಕೆ ಬಸಿಗಾಲುವೆ ಇರುವ ನಾಲ್ಕನೆಯ ಜಾಗ. ಅವನು ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನನ್ನ ಅಭಿಮಾನದ ಹೋಲ್ ಒಂಬತ್ತನೆಯದು, ಕಡೆಯದು. ನೂರಿಪ್ಪತ್ತು ಹೆಜ್ಜೆ ಉದ್ದ. ಎರಡೂ ಬದಿಗೆ ಜಾಲಿ. ಬುಟ್ಟಿಯನ್ನು ಜಾಲಿಯ ಒಂದು ಮೆಳೆಯ ಹಿಂದೆ ಅಡಗಿಸಿದ್ದೆ. ಕಲ್ಲಿನ ಬಳಿ ನಿಂತವನಿಗೆ ಅದು ಕಾಣುತ್ತಲೇ ಇರಲಿಲ್ಲ. ನಾನೇ ಆಡಿದರೂ ಐದು ಎಸೆತ ಬೇಕು. ಕಷ್ಟ ಇದ್ದಷ್ಟೂ ಹೋಲ್ ದೊಡ್ಡದು ಎಂದು ನಾನು ತಿಳಿದಿದ್ದೆ. ಮಕ್ಕಳು ಅಲ್ಲಿಗೆ ಬಂದು ಕೈ ಗೀರಿಸಿಕೊಂಡು, ಮುಳ್ಳಿನೊಳಗಿಂದ ಡಿಸ್ಕು ಕಿತ್ತುಕೊಂಡು, ಎಂಟೋ ಒಂಬತ್ತೋ ಎಂದು ಎಣಿಕೆ ಬಿಟ್ಟು ಹೋಗುತ್ತಿದ್ದರು. ನನ್ನ ಹೆಂಡತಿ ಒಮ್ಮೆ ಆಡಿ, "ಇದು ಆಟ ಅಲ್ರಿ, ಶಿಕ್ಷಾ. ನಿಮ್ಮ ಸಾಲ್ಯಾಗ ತಡಾ ಮಾಡಿ ಬಂದವರಿಗೆ ಕೊಡ್ತೀರಲಾ, ಹಂಥಾದ್ದು" ಅಂದಳು. ಎಂಟನೆಯ ತರಗತಿ ಓದುವ ಮಗಳು ಇನ್ನೂ ನೇರವಾಗಿ ಕೇಳಿದಳು: "ಅಪ್ಪಾ, ಬುಟ್ಟಿನ ಕಾಣಂಗಿಲ್ಲ. ಕಾಣಲಾರದ್ದಕ್ಕ ಯಾಕ ಒಗೀಬೇಕು?" ನಿನಗಿನ್ನೂ ತಿಳಿಯೋದಿಲ್ಲ ಎಂದು ಬಾಯಿ ಮುಚ್ಚಿಸಿದೆ.

ಸಡ್ಡಕ ತನ್ನ ಹೋಲ್ ಹಾಕಿದ ರೀತಿ ನೋಡಿ ನಾನು ಒಳಗೊಳಗೇ ನಕ್ಕಿದ್ದೆ. ಎರಡು ಭಾನುವಾರ ಅವನು ಒಂದು ಡಿಸ್ಕೂ ಎಸೆಯಲಿಲ್ಲ. ಬೇವಿನ ನೆರಳಲ್ಲಿ ಗೋಣಿಚೀಲ ಹಾಸಿಕೊಂಡು ಕೂತು, ಚಹಾ ಕುಡಿಯುತ್ತ, ಉಳಿದ ಎಂಟು ಹೋಲ್ ಆಡುವವರ ಮುಖ ನೋಡಿದ. ಡಿಸ್ಕು ನೋಡಲಿಲ್ಲ, ಮುಖ ನೋಡಿದ. ಮೂರನೆಯ ಭಾನುವಾರ ಎದ್ದು ಹೋಗಿ, ಕಲ್ಲಿನಿಂದ ಎಂಬತ್ತು ಹೆಜ್ಜೆಯಲ್ಲಿ ಬೇವಿನ ಮರದ ಆಚೆ ಎಡಗಡೆ ಬಯಲಿನಲ್ಲಿ ಬುಟ್ಟಿ ಇಡಿಸಿದ. ಕಲ್ಲಿನ ಬಳಿ ನಿಂತರೆ ಬುಟ್ಟಿ ಪೂರಾ ಕಾಣುತ್ತಿತ್ತು. ಎಡಗಡೆಯಿಂದ ಮರ ಬಳಸಿಕೊಂಡು ಬಂದರೆ ಮೂರು ಎಸೆತ. ಏಳು ವರ್ಷದ ಮಗುವೂ ನಾಲ್ಕಕ್ಕೆ ಮುಗಿಸಬಹುದು. ಇಷ್ಟೇ. ಇದರಲ್ಲಿ ಏನಿದೆ ಮಣ್ಣು ಎಂದುಕೊಂಡೆ.

ಆದರೆ ಮಂದಿಗೆ ಅದೇ ಸೇರಿತು. ಕಾಗವಾಡದಿಂದ ಬಂದ ಕಾಲೇಜು ಹುಡುಗಿಯರು, ಅಥಣಿಯಿಂದ ದ್ರಾಕ್ಷಿ ತೋಟದ ಕೆಲಸ ಬಿಟ್ಟು ಬರುವ ಇಬ್ಬರು ಅಣ್ಣತಮ್ಮಂದಿರು, ನಾನೇ ರಾಯಬಾಗದಿಂದ ಕರೆತಂದ ಮಾಸ್ತರರು, ಎಲ್ಲರೂ ನಾಲ್ಕನೆಯದನ್ನು ಎರಡು ಸಲ ಆಡಿಯೇ ಮುಂದೆ ಹೋಗುತ್ತಿದ್ದರು. ಒಂದು ಭಾನುವಾರ ನನ್ನ ಮಗಳು ನನ್ನ ಒಂಬತ್ತನೆಯ ಹೋಲಿನ ಕಲ್ಲಿನ ಬಳಿ ನಿಂತು, ಡಿಸ್ಕು ಕೈಯಲ್ಲಿ ಹಿಡಿದುಕೊಂಡೇ, "ಇದ ಬಿಡೂಣು ಅಪ್ಪಾ, ಕಾಕಾನ ಹೋಲಿಗೆ ಹೋಗೂಣು" ಅಂದಳು. ಕಾಕಾ ಅಂದರೆ ನನ್ನ ಸಡ್ಡಕನೇ. ಆ ದಿನ ಅತ್ತೆಯವರು ಬಡಿಸಿದ ಯಾವುದೂ ನನಗೆ ರುಚಿಸಲಿಲ್ಲ.

ಅಷ್ಟರಲ್ಲಿ ಮಾವ ಇನ್ನೊಂದು ಮಾತು ಎತ್ತಿದರು. ಅಕ್ಷಯ ತೃತೀಯದ ದಿನ ಅವರ ಮನೆಯಲ್ಲಿ ಊರಿಗೆಲ್ಲ ಕಬ್ಬಿನ ಹಾಲು ಹಂಚುವುದು ರೂಢಿ. ಆದಿನಾಥರು ವರ್ಷದ ಉಪವಾಸ ಬಿಟ್ಟದ್ದು ಕಬ್ಬಿನ ಹಾಲಿನಿಂದ ಎಂದು ಜೈನರ ಮನೆಗಳಲ್ಲಿ ಆ ದಿನಕ್ಕೆ ಮಹತ್ವ. ಈ ಸಲ ಅವತ್ತು ಆಟವನ್ನೂ ಇಡೋಣ, ಎಲ್ಲಕ್ಕಿಂತ ಛಂದದ ಹೋಲ್ ಯಾವುದೆಂದು ಆಡಿದವರು ಹೇಳಲಿ, ಅದನ್ನು ಹಾಕಿದವರ ತಲೆಗೆ ಮರ್ಯಾದೆಯ ಪಟಗಾ ಸುತ್ತೋಣ ಅಂದರು. ಪಟಗಾ ಒಂದೇ. ನನ್ನವು ಎಂಟು ಹೋಲ್, ಅವನದು ಒಂದು. ಆದರೂ ಆ ಪಟಗಾ ಯಾವ ತಲೆಗೆ ಹೋಗುತ್ತದೆಂದು ನನಗೆ ಆಗಲೇ ಗೊತ್ತಾಗಿತ್ತು. ಆಟ ತಂದವನು ನಾನು, ಬುಟ್ಟಿ ಮಾಡಿಸಿದವನು ನಾನು, ಊರೂರು ತಿರುಗಿ ಮಂದಿಯನ್ನು ಕರೆತಂದವನು ನಾನು. ಆ ಪಟಗಾ ನನಗೆ ಬೇಕಾಗಿತ್ತು. ಬಹಳ ಬೇಕಾಗಿತ್ತು.

ನಮ್ಮ ಕಡೆ ಬದು ತಿನ್ನುವುದು ಎಂದು ಒಂದಿದೆ. ಪಕ್ಕದವನ ಹೊಲವನ್ನು ಒಮ್ಮೆಗೇ ಒತ್ತಿದರೆ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಪ್ರತಿ ವರ್ಷ ಉಳುವಾಗ ಬದುವಿನ ಒಂದು ಗೇಣು ಕೆತ್ತುತ್ತಾರೆ, ಬಾಂದಗಲ್ಲನ್ನು ಒಂದು ಗೇಣು ಆಚೆ ಸರಿಸುತ್ತಾರೆ. ಹತ್ತು ವರ್ಷಕ್ಕೆ ಹತ್ತು ಗೇಣು. ಮಾವನವರ ಸ್ವಂತ ಅಣ್ಣ ಹೀಗೆ ಮಾಡಿದ್ದಕ್ಕೆ ಆ ಎರಡು ಮನೆಗಳ ನಡುವೆ ನನ್ನ ಮದುವೆಗಿಂತಲೂ ಮೊದಲೇ ಮಾತು ನಿಂತುಹೋಗಿತ್ತು. ಬಸದಿಯಲ್ಲಿ ಎದುರಾದರೂ ಒಬ್ಬರು ಕಂಬದ ಆ ಕಡೆ, ಒಬ್ಬರು ಈ ಕಡೆ. "ಕೊಂದವನನ್ನರೆ ಮನಿಗಿ ಕರೀತೇನಿ, ಕಲ್ಲ ಸರಿಸಿದವನನ್ನ ಕರಿಯೂದಿಲ್ಲ" ಎಂದು ಮಾವ ಅನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಕೇಳಿದ್ದೂ ನಾನು ಅದನ್ನೇ ಮಾಡಿದೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ಬೈಕಿನಲ್ಲಿ ಕೃಷ್ಣೆಯ ಸೇತುವೆ ದಾಟಿ, ಮಾವ ಊಟ ಮಾಡಿ ಅಡ್ಡಾಗುವ ಹೊತ್ತಿಗೆ ಹೊಲ ಸೇರುತ್ತಿದ್ದೆ. ಸಡ್ಡಕ ಬರುವುದು ಭಾನುವಾರ. ಅವನ ಕಾರು ಚಿಕ್ಕೋಡಿಯಲ್ಲಿ ನನ್ನ ಮನೆಯ ಮುಂದೆಯೇ ಹಾಯುತ್ತದೆ, ಕರೆದುಕೊಂಡು ಹೋಗುತ್ತೇನೆಂದು ಪ್ರತಿ ಸಲ ಫೋನ್ ಮಾಡುತ್ತಿದ್ದ. ಬೇಡ, ಶನಿವಾರವೇ ಹೋಗುತ್ತೇನೆ, ಹುಲ್ಲು ಕೀಳುವುದಿದೆ ಎನ್ನುತ್ತಿದ್ದೆ. ಸವುಳು ನೆಲದಲ್ಲಿ ಎಲ್ಲಿಯ ಹುಲ್ಲು ಎಂದು ಅವನು ಕೇಳಲಿಲ್ಲ.

ಮೊದಲ ಶನಿವಾರ ಅವನ ಬುಟ್ಟಿಯನ್ನು ಬಸಿಗಾಲುವೆಯ ಕಡೆಗೆ ಒಂದು ಗೇಣು ಎಳೆದೆ. ಟೈರಿನ ಭಾರಕ್ಕೆ ಸೊಂಟ ಹಿಡಿದುಕೊಂಡಿತು. ಬೆಳ್ಳಗಿನ ಉಪ್ಪಿನ ಮೇಲೆ ಮೂಡಿದ ಕಪ್ಪು ಗೀರನ್ನು ಬೇವಿನ ಟೊಂಗೆಯಿಂದ ಗುಡಿಸಿದೆ. ಮರುದಿನ ಯಾರಿಗೂ ತಿಳಿಯಲಿಲ್ಲ. ಎರಡನೆಯ ಶನಿವಾರ ಮೂರು ಗೇಣು. ಆಮೇಲೆ ಧೈರ್ಯ ಬಂತು, ವಾರಕ್ಕೊಂದು ಮಾರು ಎಳೆಯತೊಡಗಿದೆ. ನನ್ನ ಲೆಕ್ಕ ಸರಳವಾಗಿತ್ತು. ಬುಟ್ಟಿ ಕಾಲುವೆಗೆ ಹತ್ತಿರವಾದಷ್ಟೂ ಡಿಸ್ಕು ನೀರಿಗೆ ಬೀಳುತ್ತದೆ, ಬಿದ್ದರೆ ಒಂದು ಎಸೆತ ದಂಡ, ನಾಲ್ಕು ಸಲ ಬಿದ್ದ ಮೇಲೆ ಮಂದಿ ಬೈದುಕೊಂಡು ಆ ಹೋಲಿಗೆ ಬೆನ್ನು ಹಾಕುತ್ತಾರೆ.

ಆದದ್ದು ಬೇರೆ. ಬುಟ್ಟಿ ಬಲಕ್ಕೆ ಸರಿದಂತೆ, ಬೇವಿನ ಮರಕ್ಕೂ ಕಾಲುವೆಗೂ ನಡುವೆ ಇದ್ದ ಇಕ್ಕಟ್ಟಾದ ಸಂದಿಗೆ ಬೆಲೆ ಬಂತು. ಮೊದಲು ಆ ಸಂದಿಯಿಂದ ಎಸೆದು ಯಾರಿಗೂ ಲಾಭವಿರಲಿಲ್ಲ. ಈಗ ಅಲ್ಲಿಂದ ನೇರವಾಗಿ ಹಾಯಿಸಿದರೆ ಎರಡೇ ಎಸೆತ, ತಪ್ಪಿದರೆ ನೀರು. ಎಡಗಡೆಯ ಬಯಲು ಮೊದಲಿನ ಹಾಗೆಯೇ ಇತ್ತು, ಅಂಜುವವರಿಗೆ ಮೂರೋ ನಾಲ್ಕೋ ಎಸೆತಕ್ಕೆ ಮೋಸವಿಲ್ಲ. ಪ್ರತಿಯೊಬ್ಬರೂ ಕಲ್ಲಿನ ಬಳಿ ನಿಂತು ಒಂದು ಕ್ಷಣ ತಮ್ಮನ್ನು ತಾವೇ ಕೇಳಿಕೊಳ್ಳುವ ಹಾಗಾಯಿತು. ಹಿಂದೆ ನಿಂತವರು ಕೂಗುತ್ತಿದ್ದರು: "ಸಂದ್ಯಾಗ ಒಗಿ ಲೇ, ಗಂಡಸ ಅದಿಯೋ ಇಲ್ಲೋ!" ಕಾಗವಾಡದ ಹುಡುಗಿಯೊಬ್ಬಳು ಸಂದಿಯಲ್ಲಿ ಹಾಯಿಸಿ ಆ ಗಂಡಸರಿಗೆಲ್ಲ ಉತ್ತರ ಕೊಟ್ಟಳು. ನೀರಿಗೆ ಬಿದ್ದವರೂ ನಕ್ಕೊಂಡೇ ಮೊಣಕಾಲ ತನಕ ಇಳಿಯುತ್ತಿದ್ದರು, ಏಕೆಂದರೆ ಆ ಹಾದಿ ಹಿಡಿದವರು ಅವರೇ. ಅಥಣಿಯ ಅಣ್ಣತಮ್ಮಂದಿರು ಯಾವ ಹಾದಿ ಸರಿ ಎಂದು ಕಚ್ಚಾಡಿ ಬೇರೆ ಬೇರೆ ಬೈಕಿನಲ್ಲಿ ಊರಿಗೆ ಹೋದರು.

"ಸಣ್ಣ ಅಳಿಯಾರ ಹೋಲ್ ವಾರಕ್ಕೊಂದ ರುಚಿ ಕೊಡಾಕತ್ತೈತಿ ನೋಡ್ರಿ. ಅವರ ತಲಿ ಅಂದ್ರ ತಲಿ" ಎಂದು ರಾಯಬಾಗದ ಮಾಸ್ತರರು ನನ್ನ ಮುಂದೆಯೇ ಅಂದರು. ಅವನೇ ಸರಿಸುತ್ತಿದ್ದಾನೆಂದು ಎಲ್ಲರೂ ತಿಳಿದಿದ್ದರು. ನಾನಲ್ಲ ಎಂದು ಅವನೂ ಹೇಳಲಿಲ್ಲ. ಹೊಗಳಿದವರಿಗೆಲ್ಲ ಸುಮ್ಮನೆ ಕೈ ಮುಗಿದು, "ನಿಮ್ಮ ಆಶೀರ್ವಾದ" ಅನ್ನುತ್ತಿದ್ದ. ನಾನು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಿದ್ದೆ, ಸೊಂಟಕ್ಕೆ ಮುಲಾಮು ಹಚ್ಚಿಕೊಂಡು. ನನ್ನದು ಎಂದು ಹೇಳಿದರೆ ಆ ಮನೆಯಲ್ಲಿ ಕಲ್ಲು ಸರಿಸಿದವನಾಗುತ್ತೇನೆ. ಹೇಳದಿದ್ದರೆ ನನ್ನ ದುಡಿಮೆಯ ಹೆಸರು ಅವನು ತಿನ್ನುತ್ತಾನೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಕಡೆಯ ಶನಿವಾರ ಸಿಟ್ಟಿನಲ್ಲಿ ತಲೆ ಕೆಟ್ಟು ಒಂದೇ ಏಟಿಗೆ ಎರಡು ಮಾರು ಎಳೆದು, ಬುಟ್ಟಿಯನ್ನು ಕಾಲುವೆಯ ಅಂಚಿಗೇ ತಂದು ನಿಲ್ಲಿಸಿದೆ. ಈಗ ಎಷ್ಟೇ ಚೆನ್ನಾಗಿ ಎಸೆದರೂ ಸರಪಳಿಗೆ ಬಡಿದ ಡಿಸ್ಕು ಪುಟಿದು ನೀರಿಗೇ ಬೀಳಬೇಕು. ಎಡದ ಹಾದಿಯವರಿಗೂ ಉಳಿವಿಲ್ಲ. ಸಮಾಧಾನದಿಂದ ಮಲಗಿದೆ. ಭಾನುವಾರ ಹೋಗಿ ನೋಡಿದರೆ ಬುಟ್ಟಿ ಅಂಚಿನಿಂದ ಸುಮಾರು ಒಂದು ಮಾರು ಒಳಗೆ ನಿಂತಿತ್ತು. ನನ್ನ ಅಳತೆಯೇ ತಪ್ಪಿರಬೇಕು ಅಂದುಕೊಂಡೆ. ಬಿಸಿಲು ಬೇರೆ ಹಾಗಿತ್ತು.

ಅಕ್ಷಯ ತೃತೀಯ ಬಂತು. ಬಿಸಿಲು ಏರುವ ಮೊದಲೇ ಆಟ ಮುಗಿಸಿದೆವು. ಆಡಿದವರೆಲ್ಲ ಒಬ್ಬೊಬ್ಬರಾಗಿ ತಮಗೆ ಸೇರಿದ ಹೋಲಿನ ಕಲ್ಲಿನ ಮೇಲೆ ಒಂದು ಬೇವಿನ ಎಲೆ ಇಟ್ಟು ಬರಬೇಕು, ಅದು ಮಾವನವರ ಏರ್ಪಾಡು. ನಾಲ್ಕನೆಯ ಕಲ್ಲು ಎಲೆಯಲ್ಲಿ ಮುಚ್ಚಿಹೋಯಿತು. ನನ್ನ ಒಂಬತ್ತನೆಯ ಕಲ್ಲಿನ ಮೇಲೆ ಒಂದೇ ಎಲೆ. ಅದು ನಾನಿಟ್ಟದ್ದು.

ಎಲ್ಲರೂ ನಾಲ್ಕನೆಯ ಬುಟ್ಟಿಯ ಸುತ್ತ ನೆರೆದರು. ಒಂದು ಕಡೆ ಕೊಡಗಳಲ್ಲಿ ಕಬ್ಬಿನ ಹಾಲು, ಇನ್ನೊಂದು ಕಡೆ ತಾಟಿನಲ್ಲಿ ಮಡಚಿಟ್ಟ ಕೇಸರಿ ಪಟಗಾ. ಮಾವ ಪಟಗಾ ಕೈಗೆತ್ತಿಕೊಂಡರು, ಆಮೇಲೆ ಕೆಳಗೆ ನೋಡಿದರು. ಜೀವಮಾನವೆಲ್ಲ ಬದುವಿನ ಜಗಳ ಮಾಡಿದ ಕಣ್ಣು ಅದು. ನಾನು ಗುಡಿಸಿದ್ದು ಅವರ ಮುಂದೆ ನಡೆಯಲಿಲ್ಲ.

"ಈ ಬುಟ್ಟಿ ಎಳದಾರ" ಅಂದರು. "ಗೀರ ನೋಡ್ರಿಲ್ಲೆ. ಕಾಲವಿ ಕಡೆ ಎಳದದ್ದು ಒಂದು, ಕಾಲವಿಯಿಂದ ಹೊಳ್ಳಿ ಜಗ್ಗಿದ್ದು ಒಂದು. ಇದು ಎರಡ ಕೈ ಕೆಲಸ. ಪಟಗಾ ಸುತ್ತೂ ಮೊದಲ ನನಗ ಖರೇ ಗೊತ್ತಾಗಬೇಕು. ನನ್ನ ಹೊಲದಾಗ ಇದನ್ನ ಸರಿಸಿದವರು ಯಾರು?"

ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ತಾನೇ ಸೊಂಟಕ್ಕೆ ಹೋಯಿತು. ಹೆಂಡತಿ ನನ್ನ ಕಡೆ ನೋಡಿದಳು. ಮಗಳು ಎದುರಿಗೇ ನಿಂತಿದ್ದಳು.

"ಎರಡೂ ನನ್ನವ ರೀ ಮಾಮಾ" ಅಂದ ಸಡ್ಡಕ. "ನನ್ನ ಹೋಲ್, ನಾನ ಸರಿಸೇನಿ. ಎಳದೆ, ಭಾಳ ಆತು ಅನಸ್ತು, ಹೊಳ್ಳಿ ಜಗ್ಗಿದೆ."

ಮಾವ ಅವನ ಮುಖವನ್ನೊಮ್ಮೆ ದಿಟ್ಟಿಸಿ, ಪಟಗಾ ಸುತ್ತಿದರು. ಮಂದಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತ ತಟ್ಟುತ್ತ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ನಾನು ಎಳೆದದ್ದು ಕಾಲುವೆಯ ಕಡೆಗೆ ಮಾತ್ರ. ಹೊಳ್ಳಿ ಒಂದು ಸಲವೂ ಜಗ್ಗಿರಲಿಲ್ಲ.

ಮಂದಿ ಕಬ್ಬಿನ ಹಾಲಿಗೆ ಮುಗಿಬಿದ್ದಾಗ ಅವನು ಬೇವಿನ ಬುಡದಲ್ಲಿ ಒಬ್ಬನೇ ಕೂತಿದ್ದ, ಎರಡು ಲೋಟ ಹಿಡಿದುಕೊಂಡು. ಒಂದನ್ನು ನನ್ನ ಕಡೆ ಚಾಚಿದ.

"ಯಾವಾಗಿಂದ ಗೊತ್ತಿತ್ತು?" ಎಂದು ಕೇಳಿದೆ.

"ಮೊದಲನೇ ವಾರದಿಂದ ರೀ ಅಣ್ಣಾರ. ನಾ ಭಾನುವಾರ ಎಲ್ಲಾರಕಿಂತ ಮೊದಲ ಬರತೇನಿ. ನೀವು ಗುಡಿಸಿದ್ದು ಗೀರಕಿಂತ ಎದ್ದ ಕಾಣತಿತ್ತು."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ನೀವು ಬಿಡತಿದ್ರಿ. ನೀವು ಬಿಟ್ಟಿದ್ರ ಹೋಲ್ ಹಂಗ ಸಪ್ಪಗ ಉಳೀತಿತ್ತು. ಅಪಾಯ ಎಲ್ಲಿ ಇಡಬೇಕು ಅನ್ನೂದು ನನಗ ತಿಳೀತಿರಲಿಲ್ಲ, ಆಟ ಕಲತವರು ನೀವು. ಎಲ್ಲಿ ನಿಂದರಸಬೇಕು ಅನ್ನೂದು ಅಷ್ಟ ನನಗ ತಿಳೀತೈತಿ." ಪಟಗಾ ಬಿಗಿಯಾಗಿತ್ತೇನೋ, ಕಿವಿಯ ಮೇಲೆ ಸಡಿಲಿಸಿಕೊಂಡ. "ವಖಾರ್ಯಾಗ ನಾವು ಹಂಗ ನೋಡತೇವಿ ರೀ. ಗಿರಾಕಿ ಸೋತ್ರೂ ಚಿಂತಿಲ್ಲ, ತನ್ನ ಕೈಯಿಂದ ಸೋತೆ ಅನ್ನಬೇಕು. ಹಂಗ ಅಂದಂವ ನಾಳೆ ಮತ್ತ ಬರತಾನ. ನಮಗ ಮೋಸ ಆತು ಅಂದಂವ ಬರಂಗಿಲ್ಲ."

ನನಗೆ ಬೈಯಬೇಕೆನಿಸಿತು. ನನ್ನ ಹೊಟ್ಟೆಕಿಚ್ಚನ್ನೇ ಆಳು ಮಾಡಿಕೊಂಡು ದುಡಿಸಿಕೊಂಡಿದ್ದ. ಮೇಲೆ ಮಂದಿಯ ಮುಂದೆ ನನ್ನನ್ನು ಉಳಿಸಿದ್ದ. ಒಂದಕ್ಕೆ ಸಿಟ್ಟು ಮಾಡಬೇಕು, ಒಂದಕ್ಕೆ ಕೈ ಮುಗಿಯಬೇಕು. ಎರಡೂ ಮಾಡದೆ ಕಬ್ಬಿನ ಹಾಲು ಕುಡಿದೆ. ಒಳ್ಳೆಯತನದಲ್ಲೂ ಇವನು ನನಗಿಂತ ಒಂದು ಗೇಣು ಮುಂದೆ ಇದ್ದಾನಲ್ಲ ಎಂದು ಹೊಟ್ಟೆ ಮತ್ತಷ್ಟು ಉರಿಯಿತು. ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಎಲ್ಲರೂ ಸಾಲಾಗಿ ಕೂತಾಗ ಅತ್ತೆಯವರು ನನ್ನ ಹೋಳಿಗೆಗೂ ಅವನ ಹೋಳಿಗೆಗೂ ಸರಿಸಮ ತುಪ್ಪ ಸುರಿದರು. ನಾನು ಅಳೆದು ನೋಡಿದೆ.

ಮುಂದಿನ ಭಾನುವಾರ ನಾನು ಬೆಳಗ್ಗೆಯೇ ಹೋದೆ. ಶನಿವಾರ ಹೋಗುವ ಕೆಲಸ ಇನ್ನು ಇರಲಿಲ್ಲ. ಮಗಳೂ ಬಂದಿದ್ದಳು. ಒಂಬತ್ತನೆಯ ಕಲ್ಲಿನ ಬಳಿ ನಾನು ನಿಂತಾಗ, ದೂರದಲ್ಲಿ ಜಾಲಿಯ ಮೆಳೆಯ ಸಂದಿಯಿಂದ ಏನೋ ಮಿನುಗಿತು. ಸರಪಳಿ. ಓಡಿ ಹೋಗಿ ನೋಡಿದೆ. ನನ್ನ ಬುಟ್ಟಿ ಮೆಳೆಯ ಹಿಂದಿನಿಂದ ಬಲಕ್ಕೆ ಸರಿದಿತ್ತು. ಉಪ್ಪಿನ ಮೇಲೆ ಗೀರು ಹಾಗೆಯೇ ಇತ್ತು, ಗುಡಿಸುವ ಗೋಜಿಗೂ ಹೋಗಿರಲಿಲ್ಲ ಪುಣ್ಯಾತ್ಮ. ಕುಕ್ಕುರುಗಾಲಲ್ಲಿ ಕೂತು ಅಳೆದೆ. ಸರಿಯಾಗಿ ಒಂದು ಗೇಣು.

ಮೈಯೆಲ್ಲ ಉರಿದುಹೋಯಿತು. ನನ್ನ ಹೋಲನ್ನು ಮುಟ್ಟಲು ಇವನಾರು? ಕಂಬಕ್ಕೆ ಎರಡೂ ಕೈ ಹಾಕಿ ಹೊಳ್ಳಿ ಎಳೆಯಬೇಕೆಂದು ಕಾಲು ಊರಿದೆ. ಅಷ್ಟರಲ್ಲಿ ಕಲ್ಲಿನ ಬಳಿಯಿಂದ ಮಗಳು ಕೂಗಿದಳು: "ಅಪ್ಪಾ, ಆಕಡೆ ಸರೀರಿ! ಬುಟ್ಟಿ ಕಾಣಾಕತ್ತೈತಿ, ನಾ ಒಗೀತೇನಿ!"

ಸರಿದು ನಿಂತೆ. ಅವಳ ಡಿಸ್ಕು ಜಾಲಿಗೆ ತಾಗಿ ಬಿತ್ತು. ಕೈ ಗೀರಿಸಿಕೊಂಡು ಎತ್ತಿಕೊಂಡು, "ಇನ್ನೊಮ್ಮೆ" ಎಂದು ನಕ್ಕೋತ ಕಲ್ಲಿನ ಕಡೆ ಓಡಿದಳು. ನನ್ನ ಹೋಲಿನಲ್ಲಿ ಯಾರಾದರೂ ಇನ್ನೊಮ್ಮೆ ಎಂದದ್ದು ಅದೇ ಮೊದಲು. ಅವಳ ಸರದಿ ಮುಗಿದ ಮೇಲೆ ನಾನೂ ಆಡಿ ನೋಡಿದೆ.

ಹಾಳಾದದ್ದು, ಚೆನ್ನಾಗಿತ್ತು.